ಮುಟ್ಟದೆ ಬಾಯಿ ತೆರೆಯುವ ಡಬ್ಬಿ

ದೇವರಗುಡ್ಡದ ಸೀಮೆಯ ಒಂದು ಶಾಲೆಯಲ್ಲಿ ಮಕ್ಕಳ ವಿಜ್ಞಾನ ವಸ್ತುಪ್ರದರ್ಶನ ಇತ್ತು. ತೀರ್ಪುಗಾರರು ಮೂವರು, ಅದರಲ್ಲಿ ನಾನೊಬ್ಬ. ಬೆಂಚು ಜೋಡಿಸಿ ಥರ್ಮಾಕೋಲಿನ ಜ್ವಾಲಾಮುಖಿ, ರಟ್ಟಿನ ಗಾಳಿಯಂತ್ರ, ಹನಿ ನೀರಾವರಿಯ ಹೊಲ ಎಲ್ಲ ಇಟ್ಟಿದ್ದರು. ಆದರೆ ಮಂದಿ ಮುಗಿಬಿದ್ದದ್ದು ಒಂದೇ ಬೆಂಚಿಗೆ. ಅಲ್ಲಿ ಏಳನೆಯ ಇಯತ್ತೆಯ ಹುಡುಗನೊಬ್ಬ ಪ್ಲಾಸ್ಟಿಕ್ಕಿನ ಕಸದ ಡಬ್ಬಿ ಇಟ್ಟುಕೊಂಡು ನಿಂತಿದ್ದ.

"ನೋಡ್ರಿ ಸರ, ಇದಕ್ಕ ಕೈ ಹಚ್ಚೂದ ಬ್ಯಾಡ. ಹತ್ರ ಕೈ ಒಯ್ದ್ರ ಸಾಕು, ತಾನ ಬಾಯಿ ತಗೀತೈತಿ."

ಕೈ ಒಯ್ದೆ. ಕಿರ್ ಅಂತ ಮುಚ್ಚಳ ಎದ್ದಿತು. ಕೈ ತೆಗೆದೆ. ಮುಚ್ಚಿತು. ಹುಡುಗ ಚೆನ್ನಾಗಿ ವಿವರಿಸಿದ. ಡಬ್ಬಿಯ ಎದೆಗೆ ಕೂರಿಸಿದ ಎರಡು ಕಣ್ಣಿನಂಥ ಸೆನ್ಸರು ನಮ್ಮ ಕಿವಿಗೆ ಕೇಳದ ಶಬ್ದವನ್ನು ಬಿಡುತ್ತದೆ. ಎದುರಿಗೆ ಕೈ ಬಂದರೆ ಆ ಶಬ್ದ ತಟ್ಟಿ ವಾಪಸು ಬರುತ್ತದೆ. ಎಷ್ಟು ಬೇಗ ಬಂತು ಅನ್ನುವುದರ ಮೇಲೆ ಕೈ ಎಷ್ಟು ದೂರದಲ್ಲಿದೆ ಅಂತ ಲೆಕ್ಕ. ಲೆಕ್ಕ ಸರಿಹೋದರೆ ಸಣ್ಣ ಮೋಟರು ಮುಚ್ಚಳ ಎತ್ತುತ್ತದೆ. ಸುತ್ತ ನಿಂತವರು ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಆಮೇಲೆ ಕೇಳಿದೆ:

"ತುಂಬಿದ ಮ್ಯಾಲ?"

"ತುಂಬಿದ್ರ ಕೆಂಪು ಲೈಟ್ ಹತ್ತತೈತ್ರಿ ಸರ."

"ಲೈಟ್ ಹತ್ತಿದ ಮ್ಯಾಲ ಖಾಲಿ ಮಾಡಾವ್ರು ಯಾರು?"

ಹುಡುಗ ನನ್ನ ಮುಖ ನೋಡಿದ. ಇಷ್ಟೂ ಗೊತ್ತಿಲ್ಲದವನನ್ನು ತೀರ್ಪಿಗೆ ಯಾಕೆ ಕರೆದರೋ ಅನ್ನುವ ಹಾಗೆ.

"ಅದಕ್ಕ ಮಂದಿ ಅದಾರಲ್ರಿ ಸರ."

ಆ ಮಂದಿಯಲ್ಲಿ ಒಬ್ಬಾಕೆ ಬಾಗಿಲ ಹೊರಗೆ ಕಸಬರಗಿ ಹಿಡಿದು ನಿಂತಿದ್ದಳು. ಪ್ರದರ್ಶನ ಮುಗಿದ ಮೇಲೆ ಥರ್ಮಾಕೋಲಿನ ಚೂರುಗಳನ್ನು ಆಕೆ ಬಳಿಯಬೇಕಿತ್ತು. ಒಳಗ ಬಾ, ನೀನೂ ನೋಡು ಅಂತ ಆಕೆಗೆ ಯಾರೂ ಅನ್ನಲಿಲ್ಲ.

ಮೊದಲ ಬಹುಮಾನ ಆ ಡಬ್ಬಿಗೇ ಬಂತು. ನಾನು ಬ್ಯಾಡ ಅಂದೆ, ಉಳಿದಿಬ್ಬರು ಹೂಂ ಅಂದರು. ಮುಖ್ಯ ಅತಿಥಿಗಳು ಭಾಷಣದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಬರುವ ಜಾತ್ರೆಗೆ ಗುಡ್ಡದ ತುಂಬ ಹೊಸ ಹೊಸ ನಮೂನೆಯ ಡಬ್ಬಿ ಇಡಬೇಕಂತೆ. ಒಂದು ಗೊರವಪ್ಪನ ದೋಣಿಯ ಆಕಾರದ್ದು, ಒಂದು ಮಾಲತೇಶನ ನಾಯಿಯ ಆಕಾರದ್ದು. ಭಕ್ತರು ಖುಷಿಯಿಂದ ಕಸ ಹಾಕುತ್ತಾರಂತೆ. ನನಗೆ ಮಾತಾಡಲು ಸಮಯ ಸಿಗಲಿಲ್ಲ. ಆ ದಿನ ಆಡದ ಮಾತನ್ನು ಈಗ ಬರೆಯುತ್ತಿದ್ದೇನೆ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಆತನ ಕೈಯಲ್ಲಿ ಬುದ್ಧಿ ಇದೆ. ಆತ ಹೇಳಿದ ಮಾತು ಆತನದಲ್ಲ, ಅದು ಈ ಸಮಾಜ ಮೂರು ಸಾವಿರ ವರ್ಷ ಹೇಳಿಕೊಂಡು ಬಂದ ಮಾತು. ಹನ್ನೆರಡು ವರ್ಷದ ಮಗುವಿನ ಬಾಯಿಂದ ಅದು ಇಷ್ಟು ಸಹಜವಾಗಿ, ಇಷ್ಟು ನಿರ್ಮಲವಾಗಿ ಬರುತ್ತದಲ್ಲ, ಸಿಟ್ಟು ಬರಬೇಕಾದ್ದು ಅದಕ್ಕೆ. ಮುಟ್ಟದೆ ಕೆಲಸ ಆಗಬೇಕು, ಮುಟ್ಟುವುದಕ್ಕೆ ಬೇರೆ ಮಂದಿ ಇರಬೇಕು. ಗೆಳೆಯರೇ, ಇದು ವಿಜ್ಞಾನದ ಸೂತ್ರ ಅಲ್ಲ. ಮನುವಿನ ಸೂತ್ರಕ್ಕೆ ಬ್ಯಾಟರಿ ಹಾಕಿದ್ದಾರೆ, ಅಷ್ಟೇ.

ಈಗ ಊರೂರ ಪಾರ್ಕುಗಳನ್ನು ನೋಡಿ. ಫೈಬರಿನ ಪೆಂಗ್ವಿನ್ ಬಾಯಿ ತೆರೆದು ನಿಂತಿದೆ. ಕಾಂಗರೂ ಹೊಟ್ಟೆ ತೋರಿಸಿಕೊಂಡು ನಿಂತಿದೆ. ಮೊಲ, ಕಪ್ಪೆ, ಕರಡಿ ಎಲ್ಲ ಇವೆ. ಎದೆಯ ಮೇಲೆ 'ಯೂಸ್ ಮಿ' ಅಂತ ಬರೆದಿರುತ್ತಾರೆ. ಮಕ್ಕಳು ಓಡಿಹೋಗಿ ಬಿಸ್ಕತ್ತಿನ ಕಾಗದ ಹಾಕುತ್ತಾರೆ, ತಾಯಿ ತಂದೆ ಫೋಟೋ ತೆಗೆಯುತ್ತಾರೆ. ಒಳ್ಳೆಯದೇ. ಆದರೆ ಒಂದು ಬೆಳಿಗ್ಗೆ ಆರು ಗಂಟೆಗೆ ಹೋಗಿ ಆ ಪೆಂಗ್ವಿನ್ನಿನ ಎದುರು ನಿಲ್ಲಿ. ಅದಕ್ಕೆ ಇರುವುದು ಒಂದೇ ಬಾಯಿ. ಹಾಕುವುದಕ್ಕೂ ಅದೇ, ತೆಗೆಯುವುದಕ್ಕೂ ಅದೇ. ಬಗ್ಗಿಸಿ ಸುರಿಯೋಣ ಅಂದರೆ ಅದನ್ನು ಸಿಮೆಂಟಿನಲ್ಲಿ ಹೂತಿದ್ದಾರೆ. ಪೌರಕಾರ್ಮಿಕ ಹೆಣ್ಣುಮಗಳು ಭುಜದ ತನಕ ಕೈಯನ್ನು ಅದರ ಗಂಟಲೊಳಗೆ ಇಳಿಸಿ ಎಳೆಯಬೇಕು. ಒಳಗೆ ಏನಿದೆ ಅಂತ ಕಾಣುವುದಿಲ್ಲ. ಒಡೆದ ಬಾಟಲಿ ಇರಬಹುದು, ಬ್ಲೇಡು ಇರಬಹುದು, ಸೂಜಿ ಇರಬಹುದು, ಕೊಳೆತ ಅನ್ನ ಇರಬಹುದು. ಚಂದದ ಡಬ್ಬಿ ಯಾರ ಕಣ್ಣಿಗೆ ಚಂದ? ಎಸೆಯುವವನ ಕಣ್ಣಿಗೆ. ಎತ್ತುವವಳ ಕೈಯನ್ನು ಅದನ್ನು ಮಾಡಿದಾತ ಒಮ್ಮೆಯೂ ನೆನೆದಿಲ್ಲ.

ಸ್ವಚ್ಛ ಭಾರತದ ಜೋಡಿ ಡಬ್ಬಿಗಳು ಬಂದವು. ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ. 2014ರ ಅಕ್ಟೋಬರ್ 2ರಂದು ಆ ಅಭಿಯಾನ ಶುರುವಾದಾಗ ಅದಕ್ಕೆ ಗುರುತಾಗಿ ಗಾಂಧಿಯ ಕನ್ನಡಕ ಇಟ್ಟರು. ಕನ್ನಡಕವೇನೋ ಬಂತು, ಅದರ ಹಿಂದೆ ಕಣ್ಣು ಬರಲಿಲ್ಲ. ಮಂತ್ರಿಗಳು, ನಟರು ಹೊಸ ಕಸಬರಗಿ ಹಿಡಿದು, ಮೊದಲೇ ಗುಡಿಸಿಟ್ಟ ರಸ್ತೆಯನ್ನು ಗುಡಿಸಿದರು. 2019ರ ಫೆಬ್ರುವರಿಯಲ್ಲಿ ಪ್ರಯಾಗದ ಕುಂಭಮೇಳದಲ್ಲಿ ಪ್ರಧಾನಮಂತ್ರಿ ಐದು ಮಂದಿ ಸಫಾಯಿ ಕಾರ್ಮಿಕರ ಕಾಲು ತೊಳೆದರು. ನಮ್ಮ ಮಂದಿಗೆ ಕಾಲು ತೊಳೆಸಿಕೊಳ್ಳುವ ಆಸೆ ಇಲ್ಲ. ಕಾಲಿಗೆ ಬೂಟು, ಕೈಗೆ ಗವಸು, ಕೆಲಸ ಮುಗಿದ ಮೇಲೆ ತಮ್ಮ ಕಾಲನ್ನು ತಾವೇ ತೊಳೆದುಕೊಳ್ಳಲು ಒಂದು ನಲ್ಲಿ, ಒಂದು ತುಂಡು ಸಾಬೂನು ಬೇಕು.

ಹೊರದೇಶದ ಚಮತ್ಕಾರಗಳನ್ನೂ ನಮಗೆ ತೋರಿಸುತ್ತಾರೆ. 2009ರಲ್ಲಿ ಸ್ಟಾಕ್‌ಹೋಮಿನ ಒಂದು ಪಾರ್ಕಿನಲ್ಲಿ ಫೋಕ್ಸ್‌ವ್ಯಾಗನ್ ಕಾರು ಕಂಪನಿಯವರು ಒಂದು ಡಬ್ಬಿ ಇಟ್ಟರು. ಕಸ ಹಾಕಿದರೆ ಅದು ಪಾತಾಳಕ್ಕೆ ಬಿದ್ದ ಹಾಗೆ ಸುಂಯ್ ಅಂತ ಸದ್ದು ಬಂದು, ಕೊನೆಗೆ ಧಡ್ ಅನ್ನುತ್ತಿತ್ತು. ಸದ್ದು ಕೇಳಲಿಕ್ಕಾಗಿಯೇ ಜನ ನೆಲದ ಮೇಲಿನ ಕಸ ಹುಡುಕಿ ತಂದು ಹಾಕಿದರು. ಒಂದೇ ದಿನ 72 ಕಿಲೋ ಬಿತ್ತು, ಪಕ್ಕದ ಮಾಮೂಲಿ ಡಬ್ಬಿಗಿಂತ 41 ಕಿಲೋ ಹೆಚ್ಚು. ಲೋಕವೆಲ್ಲ ಭೇಷ್ ಅಂದಿತು. 72 ಕಿಲೋ ಬಿದ್ದದ್ದನ್ನು ಬರೆದರು. 72 ಕಿಲೋ ಎತ್ತಿದ್ದರ ಮಾತು ಎಲ್ಲಿ? ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಎತ್ತುವ ಹಮಾಲನಿಗೆ ಚೀಲಕ್ಕೆ ಇಷ್ಟು ಅಂತ ಲೆಕ್ಕ ಇದೆ. ಆ ಲೆಕ್ಕಕ್ಕಾಗಿ ಹಮಾಲರು ಹೋರಾಡಿದ್ದಾರೆ, ಹೋರಾಡುತ್ತಾರೆ. ಕಸದ ಡಬ್ಬಿ ತುಂಬಿದಾಗ ಎಷ್ಟು ತೂಗುತ್ತದೆ ಅಂತ ಯಾವ ಆಫೀಸಿನ ಯಾವ ಪುಸ್ತಕದಲ್ಲಿ ಬರೆದಿದ್ದಾರೆ?

ಕಸ ಹಾಕುವ ಪಾತ್ರೆಯ ವಿನ್ಯಾಸದಲ್ಲಿ ಈ ದೇಶ ಹಿಂದೆ ಬಿದ್ದದ್ದೇ ಇಲ್ಲ. ಕೇಳಿ, ನಮ್ಮ ಹಿರೀಕರ ಕೊರಳಲ್ಲೇ ಒಂದು ನಮೂನೆ ಇತ್ತು. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯನಾದವನು ಕೊರಳಿಗೆ ಮಣ್ಣಿನ ಗಡಿಗೆ ಕಟ್ಟಿಕೊಂಡೇ ಬೀದಿಗೆ ಬರಬೇಕಿತ್ತು. ಉಗುಳು ಬಂದರೆ ಅದರಲ್ಲೇ ಉಗುಳಬೇಕು. ಆತನ ಉಗುಳು ನೆಲಕ್ಕೆ ಬಿದ್ದು ಅದನ್ನು ಮೇಲಿನವರು ಅರಿಯದೆ ತುಳಿದರೆ ಮೈಲಿಗೆ. ಸೊಂಟಕ್ಕೆ ಕಸಬರಗಿ, ತನ್ನ ಹೆಜ್ಜೆಯ ಗುರುತನ್ನು ತಾನೇ ಅಳಿಸಲಿಕ್ಕೆ. ಬಾಬಾಸಾಹೇಬ ಅಂಬೇಡ್ಕರರು ಇದನ್ನು 1936ರ 'ಜಾತಿ ವಿನಾಶ'ದಲ್ಲಿ ಬರೆದು ಇಟ್ಟಿದ್ದಾರೆ. ವಿನ್ಯಾಸಕಾರರು ಈ ಗಡಿಗೆಯನ್ನು ಯಾಕೆ ಪ್ರದರ್ಶನದಲ್ಲಿ ಇಡುವುದಿಲ್ಲ? ತನ್ನ ಹೊಲಸನ್ನು ತಾನೇ ಹೊರಬೇಕು ಅನ್ನುವ ಕಟ್ಟಳೆ ಈ ನೆಲದಲ್ಲಿ ಒಮ್ಮೆ ಇತ್ತು, ಆದರೆ ಅದು ನಮಗೆ ಮಾತ್ರ ಇತ್ತು. ಪೇಶ್ವೆಯ ಉಗುಳು ಎಲ್ಲಿ ಬೇಕಾದರೂ ಬೀಳಬಹುದಿತ್ತು. ಅದನ್ನು ಬಳಿಯುವುದಕ್ಕೂ ನಾವೇ ಇದ್ದೆವು.

ಎರಡನೆಯ ನಮೂನೆ ಪೇಟೆಗಳ ಹಳೆಯ ಒಣ ಪಾಯಖಾನೆ. ಮುಂದೆ ಒಂದು ಬಾಗಿಲು, ಹಿಂದೆ ಸಂದಿಯ ಕಡೆಗೆ ಇನ್ನೊಂದು ಸಣ್ಣ ತಗಡಿನ ಬಾಗಿಲು. ಮುಂದಿನದರಲ್ಲಿ ಮನೆಯ ಯಜಮಾನ. ಹಿಂದಿನದರಲ್ಲಿ ಬಗ್ಗಿ ಕೈಹಾಕಿ ಬಕೆಟ್ಟು ಎಳೆಯುವ ಭಂಗಿ ಹೆಣ್ಣುಮಗಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದ ಹಾಗೆ ಕಟ್ಟಿದ ಕಟ್ಟಡ ಅದು. ಎಂಥ ಎಂಜಿನಿಯರಿಂಗು ನೋಡಿ! ಮೂರನೆಯದು ಬಿದಿರಿನ ಬುಟ್ಟಿ, ಅದಕ್ಕೆ ಜಾಗ ತಲೆ. ಮಳೆಗಾಲದಲ್ಲಿ ಅದು ಮುಖದ ಮೇಲೆ ಸೋರುತ್ತಿತ್ತು. ಹಿಂದಿನ ಬಾಗಿಲು, ಬುಟ್ಟಿ, ತಲೆ, ಎಲ್ಲ ಸೇರಿ ಒಂದೇ ಯಂತ್ರ. ಆ ಯಂತ್ರದ ಹೆಸರು ಜಾತಿ. ಸೆನ್ಸರು ಇಲ್ಲದೆ, ಬ್ಯಾಟರಿ ಇಲ್ಲದೆ, ತುಂಬಿದೊಡನೆ ತಾನೇ ಬಂದು ಖಾಲಿ ಮಾಡಿಕೊಂಡು ಹೋಗುವ ಡಬ್ಬಿಯನ್ನು ಈ ದೇಶ ಎಂದೋ ಕಂಡುಹಿಡಿದಿತ್ತು. ಅದಕ್ಕೆ ಉಸಿರಿತ್ತು, ಹಸಿವಿತ್ತು, ಮಕ್ಕಳಿದ್ದವು ಅನ್ನುವುದು ಮಾತ್ರ ಯಾರ ಗಮನಕ್ಕೂ ಬರಲಿಲ್ಲ.

ಕರ್ನಾಟಕದಲ್ಲಿ ಆ ಬುಟ್ಟಿಯನ್ನು ತಲೆಯಿಂದ ಇಳಿಸಲು ಹೊರಟವರು ಬಿ. ಬಸವಲಿಂಗಪ್ಪನವರು. ದೇವರಾಜ ಅರಸು ಸಂಪುಟದಲ್ಲಿ ಪೌರಾಡಳಿತ ಮಂತ್ರಿಯಾಗಿದ್ದಾಗ, 1970ರ ದಶಕದ ಮೊದಲ ವರ್ಷಗಳಲ್ಲಿ, ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಅದೇ ಬಸವಲಿಂಗಪ್ಪನವರು 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ ಅಂದದ್ದಕ್ಕೆ ರಾಜ್ಯವೇ ಹೊತ್ತಿ ಉರಿಯಿತು, ಅವರು ಮಂತ್ರಿಗಿರಿ ಬಿಡಬೇಕಾಯಿತು. ಅಣ್ಣತಮ್ಮಂದಿರ ತಲೆಯ ಮೇಲಿನ ಬುಟ್ಟಿ ಕಂಡು ಒಂದು ದಿನವೂ ಬೀದಿಗಿಳಿಯದ ಸವರ್ಣೀಯ ವಿದ್ಯಾರ್ಥಿಗಳು ಒಂದು ಮಾತು ಕೇಳಿ ಬೀದಿಗಿಳಿದರು. ಯಾವುದು ಈ ನಾಡಿನ ಮಾನ, ಯಾವುದು ಅವಮಾನ ಅನ್ನುವುದು ಆಗಲೇ ತಿಳಿದುಹೋಯಿತು.

ಬುಟ್ಟಿ ತಲೆಯಿಂದ ಇಳಿಯಿತು, ಆದರೆ ಪೂರ್ತಿ ಇಳಿಯಲಿಲ್ಲ. 1993ರಲ್ಲಿ ಕೇಂದ್ರ ಸರ್ಕಾರ ಮಲ ಹೊರುವುದನ್ನೂ ಒಣ ಪಾಯಖಾನೆ ಕಟ್ಟುವುದನ್ನೂ ನಿಷೇಧಿಸಿ ಕಾಯ್ದೆ ಮಾಡಿತು. ಹದಿನೇಳು ವರ್ಷ ಆದ ಮೇಲೆ, 2010ರ ಜುಲೈನಲ್ಲಿ, ನಮ್ಮದೇ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಏನಾಯಿತು? ವಾಸವಿದ್ದ ಜಾಗದಿಂದ ತಮ್ಮನ್ನು ಎಬ್ಬಿಸುತ್ತಾರೆ ಅಂತ ಭಂಗಿ ಕುಟುಂಬಗಳವರು ಪುರಸಭೆಯ ಮುಂದೆ ಬಂದು ಮೈಮೇಲೆ ಮಲ ಸುರಿದುಕೊಂಡರು. ಅರ್ಜಿ ಕೊಟ್ಟಾಗ ಕಾಣದವರು, ಕೈಮುಗಿದು ನಿಂತಾಗ ಕಾಣದವರು, ಮಲ ಸುರಿದುಕೊಂಡಾಗ ನಾಡಿಗೆ ಕಂಡರು. ನಿಮ್ಮ ಹೊಲಸನ್ನು ಇಷ್ಟು ವರ್ಷ ನಿಮಗೆ ಕಾಣದ ಹಾಗೆ ಹೊತ್ತೆವು, ಈಗ ನೋಡಿರಿ ಅಂತ ಅವರು ತಮ್ಮ ಮೈಯನ್ನೇ ಡಬ್ಬಿ ಮಾಡಿ ತೋರಿಸಿದರು. ಆ ಸವಣೂರು ಈ ಗುಡ್ಡಕ್ಕೆ ದೂರದ್ದಲ್ಲ. ದೋಣಿಯ ಆಕಾರದ ಡಬ್ಬಿ ಮಾಡಿಸೋಣ ಅನ್ನುವವರು ಮೊದಲು ಸವಣೂರನ್ನು ನೆನೆಯಬೇಕು.

ದೋಣಿಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಗೊರವಪ್ಪನ ದೋಣಿ ಅಂದರೆ ಹಸಿದವನ ಪಾತ್ರೆ. ಅದರಲ್ಲಿ ಹಾಲು, ಬಾಳೆಹಣ್ಣು ಬೀಳುತ್ತದೆ, ಬಡವನ ಹೊಟ್ಟೆಗೆ ಹೋಗುತ್ತದೆ. ಗೊರವರು ನಾಯಿಗಳಂತೆ ಬಗ್ಗಿ ತಿನ್ನುವ ಆ ಸೇವೆಯ ಬಗ್ಗೆ ನನಗೆ ಬೇರೆ ತಕರಾರಿದೆ, ಅದನ್ನು ಇನ್ನೊಮ್ಮೆ ಬರೆಯುವೆ. ಆದರೆ ಉಣ್ಣುವ ಪಾತ್ರೆಯನ್ನೇ ಕಸದ ಪಾತ್ರೆ ಮಾಡಬೇಕು ಅಂತ ಹೊಳೆಯುವುದು ಯಾರಿಗೆ? ಗರ್ಭಗುಡಿಯ ಆಕಾರದ ಡಬ್ಬಿ ಮಾಡಿಸೋಣ, ಮಠದ ಪಲ್ಲಕ್ಕಿಯ ಆಕಾರದ ಡಬ್ಬಿ ಮಾಡಿಸೋಣ ಅಂತ ಅವರ ಬಾಯಲ್ಲಿ ಬರಲಿಲ್ಲ. ದೋಣಿ, ನಾಯಿ ಇವೇ ಬಂದವು. ಬಡವರ ಸಾಮಾನು ಅಂದರೆ ಕಸದ ಸಾಮಾನು.

ನಮ್ಮ ಹಳ್ಳಿಗಳ ನಕ್ಷೆಯನ್ನೇ ನೋಡಿ. ಊರ ತಿಪ್ಪೆಗಳು ಎಲ್ಲಿವೆ? ಗೌಡರ ಓಣಿಯ ಬಾಯಿಗೋ, ಕೇರಿಯ ಬಾಯಿಗೋ? ಗಟಾರದ ನೀರು ಇಳಿದು ನಿಲ್ಲುವುದು ಎಲ್ಲಿ? ಊರಿಗೆ ಕೇರಿ ಡಬ್ಬಿ. ಶಹರಕ್ಕೆ ಹಳ್ಳಿ ಡಬ್ಬಿ. ಬೆಂಗಳೂರು ತನ್ನ ಕಸವನ್ನು ವರ್ಷಗಟ್ಟಲೆ ಮಂಡೂರಿಗೆ ಸಾಗಿಸಿ ಗುಡ್ಡ ಮಾಡಿತು. ಆ ಊರವರು ಲಾರಿ ತಡೆದು ಕೂತ ಮೇಲೆ 2014ರ ಕೊನೆಗೆ ಅದು ನಿಂತಿತು. ಬೆಂಗಳೂರಿನಲ್ಲಿ ಡಬ್ಬಿಗಳು ಹೊಸ ಹೊಸ ವೇಷ ಹಾಕಿದವು, ಮಂಡೂರಿನವರ ಮೂಗಿಗೆ ಬಂದದ್ದು ಮಾತ್ರ ಅದೇ ಹಳೆಯ ನಾತ.

ಬೇರೆ ದೇಶಗಳಲ್ಲಿ ಈ ಮಾತು ಹೇಗೆ ನಡೆಯಿತು ಅಂತ ತಿಳಿದುಕೊಳ್ಳುವುದು ಒಳ್ಳೆಯದು. 1883ರಲ್ಲಿ ಪ್ಯಾರಿಸಿನಲ್ಲಿ ಪೂಬೆಲ್ ಅನ್ನುವ ಆಡಳಿತಾಧಿಕಾರಿ ಒಂದು ಹುಕುಂ ಹೊರಡಿಸಿದ. ಪ್ರತಿ ಮನೆಯ ಮಾಲೀಕನೂ ಮುಚ್ಚಳದ ಡಬ್ಬಿ ಇಡಬೇಕು, ಕಾಗದ ಚಿಂದಿ ಬೇರೆ, ಗಾಜು ಮಡಕೆ ಚಿಪ್ಪು ಬೇರೆ, ಉಳಿದದ್ದು ಬೇರೆ. ಇಂದಿಗೂ ಫ್ರೆಂಚ್ ಭಾಷೆಯಲ್ಲಿ ಕಸದ ಡಬ್ಬಿಗೆ ಪೂಬೆಲ್ ಅಂತಲೇ ಹೆಸರು. ಊರು ಚೊಕ್ಕಟವಾಯಿತು. ಆದರೆ ಬೀದಿಯ ಕಸದಲ್ಲಿ ಚಿಂದಿ ಆಯ್ದು ಬದುಕುತ್ತಿದ್ದವರು ತಮ್ಮ ಅನ್ನ ಹೋಯಿತೆಂದು ಎದ್ದು ನಿಂತರು. ಡಬ್ಬಿ ಬಂದಾಗ ಅವರನ್ನು ಯಾರೂ ಕೇಳಿರಲಿಲ್ಲ. ಈ ಪಾಠ ನಮಗೂ ಬೇಕು. ನಾಳೆ ಯಂತ್ರ ಬರುತ್ತದೆ ಅನ್ನುವವರಿಗೆ ನಮ್ಮ ಪ್ರಶ್ನೆ ಇದು: ಯಂತ್ರ ಬರಲಿ, ಅದು ಯಾರ ಕೈಗೆ ಬರುತ್ತದೆ? ಗುತ್ತಿಗೆದಾರನ ಕೈಗೋ, ಇಷ್ಟು ವರ್ಷ ಬುಟ್ಟಿ ಹೊತ್ತವರ ಕೈಗೋ?

ಇನ್ನೊಂದು ವರ್ಷ 1968. ಅಮೆರಿಕದ ಮೆಂಫಿಸ್ ಪಟ್ಟಣ. ಕಸ ಎತ್ತುವವರು ಹೆಚ್ಚಿನಂಶ ಕರಿಯರು. ಸೋರುವ ತೊಟ್ಟಿಗಳನ್ನು ತಲೆಯ ಮೇಲೆ, ಹೆಗಲ ಮೇಲೆ ಹೊತ್ತು ಲಾರಿಗೆ ಹಾಕುತ್ತಿದ್ದರು. ಫೆಬ್ರುವರಿಯ ಒಂದು ಮಳೆಯ ದಿನ ಇಬ್ಬರು ಕಾರ್ಮಿಕರು ಲಾರಿಯ ಕಸ ಅರೆಯುವ ಯಂತ್ರಕ್ಕೆ ಸಿಕ್ಕಿ ಸತ್ತರು. 1,300 ಮಂದಿ ಕೆಲಸ ನಿಲ್ಲಿಸಿದರು. ಅವರ ಎದೆಯ ಮೇಲಿನ ಫಲಕದಲ್ಲಿ ಇದ್ದದ್ದು ಕೂಲಿಯ ಅಂಕಿ ಅಲ್ಲ. 'ನಾನು ಮನುಷ್ಯ', ಅಷ್ಟೇ. ಅವರ ಜೊತೆ ನಿಲ್ಲಲು ಹೋದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಅದೇ ಊರಿನಲ್ಲಿ ಗುಂಡಿಗೆ ಬಲಿಯಾದರು. ಕೆಲವೇ ದಿನಗಳಲ್ಲಿ ಆಡಳಿತ ಸಂಘವನ್ನು ಒಪ್ಪಿಕೊಂಡಿತು. ಅದೇ 1968ರಲ್ಲಿ ಇಂಗ್ಲೆಂಡಿನ ಸ್ಲೌ ಎಂಬಲ್ಲಿಯ ಒಂದು ಕಾರ್ಖಾನೆಯಿಂದ ಎರಡು ಗಾಲಿಯ ಡಬ್ಬಿ ಹೊರಬಂತು. ತುಂಬಿದ ಡಬ್ಬಿಯನ್ನು ಎತ್ತುವುದು ಬೇಡ, ತಳ್ಳಿಕೊಂಡು ಹೋಗಬಹುದು, ಲಾರಿಯ ಹಿಂದಿನ ಯಂತ್ರವೇ ಅದನ್ನು ಎತ್ತಿ ಸುರಿದುಕೊಳ್ಳುತ್ತದೆ. ಆ ನಮೂನೆ ಆ ದೇಶಗಳಲ್ಲೆಲ್ಲ ಹರಡಿತು. ಯಾಕೆ ಹರಡಿತು? ಅಲ್ಲಿಯ ಧಣಿಗಳು ದಯಾಳುಗಳೆಂದಲ್ಲ. ಅಲ್ಲಿ ಕಾರ್ಮಿಕನ ಬೆನ್ನು ಮುರಿದರೆ ಪರಿಹಾರ ಕೊಡಬೇಕು, ಕೆಲಸ ನಿಲ್ಲಿಸಿದರೆ ಸಂಘದ ಜೊತೆ ಮಾತಾಡಬೇಕು. ಬೆನ್ನು ತುಟ್ಟಿಯಾದಲ್ಲಿ ಡಬ್ಬಿಗೆ ಗಾಲಿ ಬರುತ್ತದೆ. ಬೆನ್ನು ಅಗ್ಗವಾದಲ್ಲಿ ಡಬ್ಬಿಗೆ ಪೆಂಗ್ವಿನ್ನಿನ ಮುಖ ಬರುತ್ತದೆ. ನಮ್ಮಲ್ಲಿ ಬೆನ್ನನ್ನು ಅಗ್ಗ ಮಾಡಿದ್ದು ಜಾತಿ. ನಾನು ಹೇಳಬೇಕಾದ್ದು ಇಷ್ಟೇ.

"ನೀವು ಎಲ್ಲದರಾಗೂ ಜಾತಿ ಹುಡುಕ್ತೀರಿ ಬಿಡ್ರಿ" ಅಂತ ಒಬ್ಬ ಮಾಸ್ತರರು ನನಗೆ ಅವತ್ತೇ ಅಂದರು. ನಾವು ಹುಡುಕಲಿಲ್ಲ ಮಾಸ್ತರ. ಡಬ್ಬಿಯ ಮುಚ್ಚಳ ತೆಗೆದೆವು, ಒಳಗೆ ಅದು ಇತ್ತು. ನಿಮ್ಮ ಊರಿನಲ್ಲಿ ಕಸ ಎತ್ತುವವರ ಹೆಸರಿನ ಪಟ್ಟಿ ಮಾಡಿ, ಪಕ್ಕದಲ್ಲಿ ಅವರ ಕೇರಿಯ ಹೆಸರು ಬರೆಯಿರಿ. ನಂತರ ನಾವಿಬ್ಬರೂ ಕೂತು ಮಾತಾಡೋಣ.

"ಹಂಗಾರ ಮಕ್ಕಳು ಏನೂ ಹೊಸದು ಮಾಡಬಾರದೇನು?" ಅಂತಲೂ ಕೇಳಿದರು. ಮಾಡಲಿ, ಸಾವಿರ ಮಾಡಲಿ. ಆದರೆ ಕೈ ಎರಡು ಅನ್ನುವುದನ್ನು ಮರೆಯದೆ ಮಾಡಲಿ: ಎಸೆಯುವ ಕೈ ಒಂದು, ಎತ್ತುವ ಕೈ ಒಂದು. ಮಕ್ಕಳಿಗೆ ಈ ಲೆಕ್ಕ ಕೊಡಿ. ಹಸಿ ಕಸ ತುಂಬಿದ ಡಬ್ಬಿ ಎಷ್ಟು ಭಾರ? ಒಬ್ಬ ಹೆಣ್ಣುಮಗಳು ಸೊಂಟ ಮುರಿಯದೆ ಅದನ್ನು ಸರಿಸಬಹುದೇ? ಒಳಗೆ ಬೇರೆ ಬಕೆಟ್ಟು ಇಟ್ಟು, ಹಿಡಿಕೆ ಹಿಡಿದು ಎತ್ತುವ ಹಾಗೆ ಮಾಡಬಹುದೇ? ಪಕ್ಕದಲ್ಲಿ ಬಾಗಿಲು ಇಡಬಹುದೇ? ಕೊಳೆತ ನೀರು ಇಳಿಯಲು ತಳದಲ್ಲಿ ಜಾಗ ಇದೆಯೇ? ಗಾಜು, ಬ್ಲೇಡಿಗೆ ಬೇರೆ ಪೆಟ್ಟಿಗೆ ಇದೆಯೇ? ಗುಡ್ಡದ ಏರಿನಲ್ಲಿ ಯಾವ ಗಾಲಿ ನಡೆಯುತ್ತದೆ? ಇವೂ ವಿಜ್ಞಾನವೇ. ಸೆನ್ಸರಿಗಿಂತ ಕಠಿಣವಾದ ವಿಜ್ಞಾನ, ಯಾಕೆಂದರೆ ಇದರಲ್ಲಿ ಇನ್ನೊಬ್ಬರ ಮೈನೋವಿನ ಅಂದಾಜು ಬೇಕು. ಎಲ್ಲಕ್ಕಿಂತ ಮೊದಲು, ಡಬ್ಬಿ ಮಾಡುವ ಮುಂಚೆ ಅದನ್ನು ಎತ್ತುವಾಕೆಯನ್ನು ಕರೆದು, ಕುರ್ಚಿ ಹಾಕಿ ಕೂರಿಸಿ ಕೇಳಿ: "ಅಕ್ಕಾ, ಇದು ಹೆಂಗಿದ್ರ ನಿನಗ ಹಗುರ ಆಗತೈತಿ?" ಆಕೆಗೆ ಗೊತ್ತಿರುವಷ್ಟು ಯಾವ ಎಂಜಿನಿಯರಿಗೂ ಗೊತ್ತಿಲ್ಲ.

ಕಾನೂನು ಇಲ್ಲವೆಂದಲ್ಲ. 2016ರ ಘನತ್ಯಾಜ್ಯ ನಿಯಮಗಳು ಕಸ ಮಾಡಿದವರೇ ಮನೆಯಲ್ಲಿ ಅದನ್ನು ಬೇರೆ ಬೇರೆ ಮಾಡಬೇಕು, ಮುಟ್ಟಿನ ಬಟ್ಟೆ, ಪ್ಯಾಡುಗಳನ್ನು ಸುತ್ತಿ ಕೊಡಬೇಕು, ಕಸ ಮುಟ್ಟುವ ಕಾರ್ಮಿಕರಿಗೆ ಗವಸು, ಬೂಟು, ಮುಖಗವಸು, ಮಳೆ ಅಂಗಿ ಕೊಡಬೇಕು ಅಂತ ಬರೆದವು. ಇನ್ನೂ ಹಿಂದೆ, 1970ರ ದಶಕದಲ್ಲಿಯೇ, ಐ.ಪಿ.ಡಿ. ಸಾಲಪ್ಪ ಸಮಿತಿ 500 ಜನರಿಗೆ ಒಬ್ಬ ಪೌರಕಾರ್ಮಿಕ ಬೇಕು ಅಂತ ಹೇಳಿತ್ತು. ಆಮೇಲೆ ಸರ್ಕಾರ ಹಿಡಿದ ಲೆಕ್ಕ 700ಕ್ಕೆ ಒಬ್ಬರು. 500ಕ್ಕೂ 700ಕ್ಕೂ ನಡುವಿನ ಆ 200 ಮಂದಿಯ ಕಸ ಎಲ್ಲಿಗೆ ಹೋಯಿತು? ಅದೇ ಬೆನ್ನಿನ ಮೇಲೆ ಹೋಯಿತು. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಖಾಯಂ ಮಾಡಿರೆಂದು ಕೆಲಸ ನಿಲ್ಲಿಸಿ ಕೂತರು. ಅದೇ ವರ್ಷ 11,133 ಮಂದಿಯನ್ನು ಖಾಯಂ ಮಾಡಲು ಸರ್ಕಾರ ಒಪ್ಪಿತು. ಕಸದ ವಾಹನ ಓಡಿಸುವವರು, ಅದಕ್ಕೆ ಕಸ ತುಂಬುವವರು ಆ ಲೆಕ್ಕದ ಹೊರಗೇ ಉಳಿದರು. ಸಿಕ್ಕಿದ್ದು ಎಷ್ಟಾದರೂ ಇರಲಿ, ಅದು ಪಾದಪೂಜೆಯಿಂದ ಸಿಗಲಿಲ್ಲ, ಚಂದದ ಡಬ್ಬಿಯಿಂದಲೂ ಸಿಗಲಿಲ್ಲ. ಸಂಘಟನೆಯಿಂದ ಸಿಕ್ಕಿತು.

ಹಳ್ಳಿಗಳ ಸ್ಥಿತಿ ಬೇರೆ ಇದೆ. ಗ್ರಾಮ ಪಂಚಾಯ್ತಿಗಳಿಗೆ ಕಸದ ಗಾಡಿ ಬಂದಿದೆ, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಅದನ್ನು ಓಡಿಸುತ್ತಿದ್ದಾರೆ. ಸ್ಟೇರಿಂಗು ಹಿಡಿದ ಆ ಅಕ್ಕಂದಿರನ್ನು ಕಂಡರೆ ನನಗೆ ಹೆಮ್ಮೆ. ಆದರೆ ಗಾಡಿ ಹೊಸದಾಗಿ, ಸಂಬಳ ಹಳೆಯದಾಗಿ, ಅದೂ ಹೊತ್ತಿಗೆ ಬಾರದೆ ಹೋದರೆ, ಬುಟ್ಟಿ ತಲೆಯಿಂದ ಇಳಿದು ಗಾಡಿ ಏರಿದೆ ಅನ್ನಬೇಕೇ ಹೊರತು ನೆಲಕ್ಕಿಳಿದಿದೆ ಅನ್ನಲಾಗದು.

ಈಗ ನಮ್ಮ ಗುಡ್ಡಕ್ಕೆ ಬರೋಣ. ಇಲ್ಲಿ ಕಾರಣಿಕ ಆಗುವುದು ದಸರೆಯಲ್ಲಿ, ಆಯುಧಪೂಜೆಯ ಹೊತ್ತಿಗೆ. ಜನಸಾಗರ. ಏಳುಕೋಟಿ ಅನ್ನುವ ಕೂಗು, ಮುಗಿಲು ಹಳದಿ ಮಾಡುವ ಭಂಡಾರ. ಆ ದಿನ ರೈತ ನೇಗಿಲಿಗೆ, ಬಡಿಗ ಉಳಿಗೆ, ಡ್ರೈವರು ಲಾರಿಗೆ, ಪೊಲೀಸಿನವನು ಬಂದೂಕಿಗೆ ಕುಂಕುಮ ಹಚ್ಚುತ್ತಾನೆ. ಮಾರನೆಯ ಬೆಳಿಗ್ಗೆ ಗುಡ್ಡದ ಮೇಲೆ ಉಳಿಯುವುದು ತೆಂಗಿನ ಕರಟ, ಬಾಳೆ ಎಲೆ, ನೀರಿನ ಬಾಟಲಿ, ಉಂಡ ತಟ್ಟೆ, ಹೇಲು ಉಚ್ಚೆ. ಅದನ್ನು ಬಳಿಯಲು ಬಗ್ಗುವ ಬೆನ್ನುಗಳನ್ನು ಎಣಿಸಿರಿ. ಅವರ ಬುಟ್ಟಿಗೆ ಕುಂಕುಮ ಹಚ್ಚಿ ಅಂತ ನಾನು ಕೇಳುತ್ತಿಲ್ಲ. ಬುಟ್ಟಿಗೆ ಪೂಜೆ ಬ್ಯಾಡ, ಗಾಲಿ ಬೇಕು. ಹುಂಡಿಗೆ ಬೀಳುವ ದುಡ್ಡಿನಲ್ಲಿ ಮೊದಲ ಪಾಲು ಅವರ ದಿನಗೂಲಿಗೆ, ಗವಸಿಗೆ, ಬೂಟಿಗೆ, ಸ್ನಾನದ ನೀರಿಗೆ ಹೋಗಬೇಕು. ಜಾತ್ರೆಗೆ ಬಂದವನು ತಾನು ತಂದ ಪ್ಲಾಸ್ಟಿಕ್ಕನ್ನು ತಾನೇ ವಾಪಸು ಒಯ್ಯಬೇಕು. ಪೇಶ್ವೆಗಳು ನಮ್ಮೊಬ್ಬರ ಕೊರಳಿಗೆ ಕಟ್ಟಿದ ಕಟ್ಟಳೆಯಿಂದ ಅವಮಾನವನ್ನು ಕಿತ್ತೊಗೆದು, ಜವಾಬ್ದಾರಿಯನ್ನು ಮಾತ್ರ ಎಲ್ಲರ ಕೈಗೂ ಕೊಡೋಣ.

ಹಳ್ಳಿಯ ಮಾಸ್ತರರೇ, ವಿದ್ಯಾರ್ಥಿ ಗೆಳೆಯರೇ, ನಿಮ್ಮಲ್ಲಿ ಒಂದು ಬೇಡಿಕೆ. ಮುಂದಿನ ವಸ್ತುಪ್ರದರ್ಶನದಲ್ಲಿ ಹೊಸ ನಮೂನೆಯ ಕಸದ ಡಬ್ಬಿ ಬಂದರೆ ಒಂದೇ ಷರತ್ತು ಹಾಕಿ. ಅದನ್ನು ಮಾಡಿದ ಹುಡುಗ, ಅವನಿಗೆ ಕಲಿಸಿದ ಮಾಸ್ತರ, ಬಹುಮಾನ ಕೊಡುವ ಮುಖ್ಯ ಅತಿಥಿ, ಮೂವರೂ ಒಂದು ವಾರ ಅದನ್ನು ದಿನಾ ಖಾಲಿ ಮಾಡಬೇಕು, ತೊಳೆಯಬೇಕು. ಶಾಲೆ ಗುಡಿಸುವ ಅಕ್ಕ ತೀರ್ಪು ಕೊಡಬೇಕು. ಎಂಟನೆಯ ದಿನ ಆ ಡಬ್ಬಿ ಬೇರೆಯದೇ ಆಕಾರ ತಾಳುತ್ತದೆ, ನಾನು ಬರೆದುಕೊಡುತ್ತೇನೆ. "ಅದಕ್ಕ ಮಂದಿ ಅದಾರಲ್ರಿ" ಅಂದ ಆ ಹುಡುಗನ ಬಾಯಲ್ಲೂ ಬೇರೆ ಮಾತು ಬರುತ್ತದೆ.

ಗುಡ್ಡದಲ್ಲಿ ಗೊರವಪ್ಪ ಬಿಲ್ಲೇರಿ ಸದ್ದಲೇ ಅಂದರೆ ಲಕ್ಷ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಒಂದು ಸಾಲು ನುಡಿಯುತ್ತಾನೆ, ವರ್ಷವಿಡೀ ಅದರ ಅರ್ಥ ಹುಡುಕುತ್ತಾರೆ, ಮಳೆಗೆ ಹಚ್ಚುತ್ತಾರೆ, ರಾಜಕೀಯಕ್ಕೆ ಹಚ್ಚುತ್ತಾರೆ. ಕಾರಣಿಕದಲ್ಲಿ ನನಗೆ ನಂಬಿಕೆ ಇಲ್ಲ. ಆದರೆ ಕಸಬರಗಿ ಹಿಡಿದು ಬಾಗಿಲ ಹೊರಗೆ ನಿಂತಿದ್ದ ಆ ಅಕ್ಕ ಒಂದು ದಿನ ಆ ಬಿಲ್ಲೇರಿದರೆ ನುಡಿಯುವುದು ಯಾವ ಮಾತು ಅಂತ ನನಗೆ ಗೊತ್ತು. ಅದಕ್ಕೆ ಯಾರೂ ಅರ್ಥ ಹುಡುಕಬೇಕಾಗಿಲ್ಲ:

ಎಸೆದ ಕೈಯೇ ಎತ್ತೀತಲೇ ಪರಾಕ್!